ಹೊಟ್ಟು ಅಂದರೆ ಯಾವ ಹೊಟ್ಟು?

ಮೊಲದ ಬೋನಿನ ಮುಂದೆ ನಿಂತುಕೊಂಡು "ಎಲ್ಲ ಚೊಕ್ಕಟವಾಗಿದೆ" ಅನ್ನುವವರನ್ನು ನಾನು ನಂಬುವುದಿಲ್ಲ. ನಿಂತವರ ಮೂಗು ಐದಡಿ ಮೇಲಿರುತ್ತದೆ, ಮೊಲದ ಮೂಗು ನೆಲದಿಂದ ನಾಲ್ಕು ಬೆರಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತು, ಕೆನ್ನೆ ಬೋನಿನ ತಳಕ್ಕೆ ತಾಗುವಷ್ಟು ಬಗ್ಗಿ, ನೂರು ಎಣಿಸುವ ತನಕ ಅಲ್ಲೇ ಉಸಿರಾಡಬೇಕು. ಕಣ್ಣಲ್ಲಿ ನೀರು ಬಂತೋ, ಹಾಸಿದ್ದನ್ನೆಲ್ಲ ಎತ್ತಿ ಬಿಸಾಡಬೇಕು. ಪೀಣ್ಯದ ಒಂದು ಖಾಸಗಿ ಪ್ರಾಣಿ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿ ದುಡಿದು, ಮಂಡಿನೋವು ಸಂಪಾದಿಸಿಕೊಂಡು ಮನೆ ಸೇರಿರುವ ನನಗೆ ಗೊತ್ತಿರುವ ವಿದ್ಯೆಯಲ್ಲಿ ಅರ್ಧ ಇದೇ. ಉಳಿದರ್ಧ ಕಚ್ಚಿಸಿಕೊಳ್ಳದೆ ನಾಯಿ ಹಿಡಿಯುವುದು. ಅದನ್ನು ಬರೆದು ಕಲಿಸಲು ಆಗುವುದಿಲ್ಲ.

ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಹೋದ ತಿಂಗಳು ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಅವರಲ್ಲೊಬ್ಬಳು ಕೇಳಿದಳು: "ಆಂಟಿ, ಮೊಲಕ್ಕೆ ಯಾವ ಬೆಡ್ಡಿಂಗ್ ಹಾಕ್ಬೇಕು? ಫೋನಲ್ಲಿ ಒಬ್ಬೊಬ್ರು ಒಂದೊಂದ್ ಹೇಳ್ತಾರೆ." ನಿಂತಲ್ಲೇ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಬರೆದುಕೊಡ್ತೀನಿ ಕಣಮ್ಮ ಅಂದು ಬಂದುಬಿಟ್ಟೆ. ಯಾಕೆ ಆಗಲಿಲ್ಲ ಅನ್ನುವುದು ಓದುತ್ತಾ ಗೊತ್ತಾಗುತ್ತದೆ.

ಮೊದಲು ನಮ್ಮ ಡಾಕ್ಟರ ವಿಷಯ. ಅವರು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಇಡೀ ಆಯಸ್ಸು ಹಸು ಎಮ್ಮೆ ನೋಡಿ, ನಿವೃತ್ತರಾದ ಮೇಲೆ ಪೀಣ್ಯದಲ್ಲಿ ಬೋರ್ಡು ಹಾಕಿದವರು. ಕೈಗುಣ ಬಹಳ ಒಳ್ಳೆಯದು. ಆದರೆ ಆ ಕೈಗೆ ಮೊಲ ಅಂದರೆ ಪ್ರಾಣಿ ಅಂತಲೇ ಲೆಕ್ಕವಿರಲಿಲ್ಲ. ಸುತ್ತಮುತ್ತ ಅಪಾರ್ಟ್‌ಮೆಂಟು ಎದ್ದು ಜನ ಮೊಲ ತರುವುದಕ್ಕೆ ಶುರುಮಾಡಿದಾಗ ಅವರು ನಕ್ಕಿದ್ದರು. ಯಾವ ಪ್ರಾಣಿಗೆ ಕೆಳಗೆ ಏನು ಹಾಸಬೇಕು ಅಂತ ನಾನು ಕೇಳಿದರೆ ಅವರದು ಒಂದೇ ಮಾತು. "ಕಾಯಿಲೆ ನಂದು, ಕಸ ನಿಂದು." ಹೀಗೆ ಮೊಲದ ಹಾಸಿಗೆಯ ಇಲಾಖೆ ನನ್ನ ಪಾಲಿಗೆ ಬಂತು. ಯಾರೂ ಕೊಡದ ಅಧಿಕಾರ ಸಿಕ್ಕರೆ ಮನುಷ್ಯ ಹೇಗಾಡುತ್ತಾನೆ ನಿಮಗೇ ಗೊತ್ತು. ನಾನೂ ಹಾಗೇ ಆಡಿದೆ.

ಮೊದಲನೇ ತಪ್ಪು ಫಿನಾಯಿಲ್. ನಾನು ಹುಟ್ಟಿದ ಮನೆಯಲ್ಲಿ ಒರೆಸಿದ ನೆಲ ಫಿನಾಯಿಲ್ ನಾರದಿದ್ದರೆ ಒರೆಸಿಲ್ಲ ಅಂತಲೇ ಅರ್ಥ. ಅದೇ ಶ್ರದ್ಧೆಯಿಂದ ಮೊಲದ ಬೋನನ್ನೂ ತೊಳೆದೆ. ಎರಡು ಮೊಲ ಮೂಲೆಗೆ ಮುಖ ಹಾಕಿ ಕೂತವು, ಕೊತ್ತಂಬರಿ ಸೊಪ್ಪು ಇಟ್ಟರೂ ಮುಟ್ಟಲಿಲ್ಲ. ಮಾರನೇ ದಿನ ಬರೀ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆ ತಿಂದವು. ಉಚ್ಚೆ ಒಣಗಿ ಸುಣ್ಣದ ಹಾಗೆ ಕಟ್ಟಿಕೊಂಡ ಕಡೆ ವಿನೆಗರ್ ಹಾಕಿ ಉಜ್ಜಿದರೆ ಸಾಕು ಅಂತ ಆಮೇಲೆ ಕಲಿತೆ. ನಮ್ಮ ಮೂಗಿಗೆ ಹಿತವಾದದ್ದು ಮೊಲದ ಮೂಗಿಗೂ ಹಿತ ಅಂದುಕೊಂಡಿದ್ದು ತಪ್ಪು ಅಂತ ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಇನ್ನೊಂದು ಸಲ ಒಬ್ಬರು ಫ್ಯಾಕ್ಟರಿ ಸೂಪರ್‌ವೈಸರ್ ಊಟದ ಹೊತ್ತಿನಲ್ಲಿ ಸ್ಕೂಟರ್ ಮೇಲೆ ಓಡಿ ಬಂದರು. ಒಂದು ಕೈಯಲ್ಲಿ ಮೊಲ, ಇನ್ನೊಂದರಲ್ಲಿ ಕೆಂಪು ಕಲೆಯಾದ ನ್ಯೂಸ್‌ಪೇಪರ್. "ರಕ್ತ ಹೋಗ್ತಿದೆ ಅಕ್ಕ, ಬೇಗ ಡಾಕ್ಟರನ್ನ ಕರೀರಿ" ಅಂದರು. ಡಾಕ್ಟರು ಸೂಜಿ ತೆಗೆದೇಬಿಟ್ಟರು. ಮೊಲದ ಉಚ್ಚೆ ಒಂದೊಂದು ದಿನ, ತಿಂದ ಸೊಪ್ಪಿನ ಮೇಲೆ, ಕೆಂಪಗೆ ಬರುವುದನ್ನು ನಾನು ಪೇಪರ್ ಎತ್ತೆತ್ತಿ ಕಂಡಿದ್ದೆ. ಒಂದು ಸಲ ಪರೀಕ್ಷೆ ಮಾಡಿ ಸಾರ್ ಅಂದೆ. ರಕ್ತ ಇರಲಿಲ್ಲ. ಆವತ್ತಿನಿಂದ ಹಳೇ ಪೇಪರ್ ಮೇಲೆ ನನಗೆ ಗೌರವ. ಏನಾಗಿದೆ ಅಂತ ಅದು ಮುಚ್ಚಿಡುವುದಿಲ್ಲ, ಹಿಕ್ಕೆ ಸಣ್ಣಗಾದರೂ ಕಾಣುತ್ತದೆ, ಉಚ್ಚೆ ಕಡಿಮೆಯಾದರೂ ಕಾಣುತ್ತದೆ. ಬೆಕ್ಕಿಗೆ ಅಂತ ಮಾರುವ, ನೀರು ಬಿದ್ದರೆ ಗಟ್ಟಿಯಾಗುವ ಮರಳನ್ನು ಮೊಲಕ್ಕೆ ಹಾಕಿದ ಒಂದು ಮನೆಯವರ ಮೊಲ ಅದನ್ನು ತಿಂದು ಹೊಟ್ಟೆ ಕಟ್ಟಿ ನಮ್ಮ ಮೇಜಿನ ಮೇಲೇ ಹೋಯಿತು. ಅದನ್ನು ಕಣ್ಣಾರೆ ಕಂಡ ಮೇಲಾದರೂ ನಾನು ಪೇಪರಿಗೇ ಅಂಟಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೆಟ್ರೊ ಹೊಸದಾಗಿ ಓಡುವುದಕ್ಕೆ ಶುರುವಾಗಿದ್ದ ಕಾಲ. ಯಾರೋ ಒಂದು ಬಿಳಿ ಮೊಲವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ನಮ್ಮ ಆಸ್ಪತ್ರೆ ಗೇಟಿನ ಹತ್ತಿರ ಬಿಟ್ಟುಹೋದರು. ಒಂದು ಕಿವಿ ಹರಿದಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಬೋನಿಟ್ಟು ನಾನೇ ಸಾಕಿದೆ, ಬಿಳಿಯ ಅಂತ ಕರೆದೆ. ಮನೆಯಲ್ಲಿ ನನ್ನ ಮಕ್ಕಳು ಅಮ್ಮ ಬೇಕು ಅನ್ನುವ ವಯಸ್ಸು ದಾಟಿದ್ದರು. ಬಿಳಿಯನಿಗೆ ನಾನು ಬೇಕಿತ್ತು. ಬೆಳಿಗ್ಗೆ ನನ್ನ ಚಪ್ಪಲಿ ಸದ್ದು ಕೇಳಿದರೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದ. ಅವನಿಗೆ ಪೇಪರ್ ಹಾಸುವುದು ನನಗೆ ಬಡತನ ಅನ್ನಿಸಿತು. ಮೆತ್ತಗಿನದು ಹಾಸಬೇಕು ಅನ್ನಿಸಿತು.

ನನ್ನ ತಮ್ಮ ರಾಜ ಪೀಣ್ಯದಲ್ಲೇ ಒಂದು ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಕಡೆ ಕೆಲಸಕ್ಕಿದ್ದ. ಮಷಿನ್ನು ತುಂಬಿ ಕಳಿಸುವ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು. ಅಲ್ಲಿ ಮರ ಕೊಯ್ದ ಹೊಟ್ಟು ಗುಡ್ಡೆ ಬಿದ್ದಿರುತ್ತಿತ್ತು. ನಮ್ಮ ಬೆಂಗಳೂರಿನವರಿಗೆ ಹೊಟ್ಟು ಅಂದರೆ ಅದೇ. ಹೊಟ್ಟಿನ ಒಲೆಯಲ್ಲಿ ಕಾಯಿಸಿದ ನೀರಲ್ಲಿ ಸ್ನಾನ ಮಾಡಿ ಬೆಳೆದವಳು ನಾನು. "ಒಂದ್ ಮೂಟೆ ಹೊಟ್ಟು ಬೇಕು ಕಣೋ" ಅಂದೆ, ಅವನು ತುಂಬಿ ಇಟ್ಟಿದ್ದ. ಬಸ್ಸಿನಲ್ಲಿ ಹೊತ್ತು ತಂದೆ, ಕಂಡಕ್ಟರ್ ಮೂಟೆಗೂ ಟಿಕೆಟ್ ಹರಿದ. ಬೋನಿಗೆ ಸುರಿದರೆ ಕೋಣೆಯೆಲ್ಲ ಘಮಘಮ. ಮೊಲದ ವಾಸನೆ ಮಾಯ. ನೋಡಿ, ಇಷ್ಟು ವರ್ಷ ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತು ಅಂತ ಬೀಗಿದೆ.

ಬಿಳಿಯನಿಗೆ ಮಾತ್ರ ಹಾಕಿದ್ದರೆ ಒಂದು ತಪ್ಪಾಗುತ್ತಿತ್ತು. ಮೊಲ ತಂದ ಏಳು ಮನೆಯವರಿಗೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕೊಟ್ಟೆ. ಜನ ಖುಷಿಯಾದರು. "ನಾಗರತ್ನಮ್ಮನ ಹೊಟ್ಟು" ಅಂತ ಹೆಸರೇ ಬಂತು.

ಆ ಏಳರಲ್ಲಿ ಒಬ್ಬರು ಮಲ್ಲಪ್ಪ. ರಾಯಚೂರು ಕಡೆಯವರು, ಲೇತ್ ಕೆಲಸ, ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆ. ಅವರ ಮೊಲದ ಹೆಸರು ಸಕ್ರಿ, ಅಂದರೆ ಸಕ್ಕರೆ. "ನಮ್ಮಾಕಿ ದೇವಮ್ಮಗ ಹಗಲೆಲ್ಲ ಮಾತಾಡಾಕ ಯಾರೂ ಇಲ್ರಿ ಅಕ್ಕಾರ. ಅದಕ್ಕ ತಂದು ಕೊಟ್ಟೀನಿ. ಈಗ ನನ್ನ ಕೂಡ ಮಾತ ಆಡವಲ್ಲಳು, ಅದರ ಕೂಡನ" ಅಂತ ನಾಚಿಕೊಂಡು ಹೇಳಿದ್ದರು. ಅವರಿಗೆ ಎಲ್ಲರಿಗಿಂತ ದೊಡ್ಡ ಚೀಲ ಕೊಟ್ಟೆ. ಕೋಣೆ ಚಿಕ್ಕದು, ವಾಸನೆ ಬಂದರೆ ಓನರ್ ಗಲಾಟೆ ಮಾಡುತ್ತಾನೆ ಅಂತ.

ಎಂಟನೆಯವರು ಶಿವಲೀಲಾ ಮೇಡಂ, ಕಲಬುರಗಿಯವರು, ಕಾಲೇಜಿನಲ್ಲಿ ಲೆಕ್ಚರರ್, ತುಮಕೂರು ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಮನೆ. ಅವರು ಬಂದ ದಿನ ನನ್ನ ಮೂಟೆ ಖಾಲಿಯಾಗಿತ್ತು. "ಕೆಳಗೆ ದಪ್ಪಗೆ ಹೊಟ್ಟು ಹಾಕಿ ಮೇಡಂ, ಅಷ್ಟೇ" ಅಂತ ಬಾಯಲ್ಲಿ ಹೇಳಿ ಕಳಿಸಿದೆ. ತಿಂಗಳು ಬಿಟ್ಟು ಬಂದವರನ್ನು ಹೊಟ್ಟು ಸಿಕ್ಕಿತಾ ಅಂತ ವಿಚಾರಿಸಿದರೆ,

"ಊರಿಂದ ತರಿಸೀನ್ರಿ. ನಮ್ಮ ಕಾಕಾ ಬಸ್ಸಿನ್ಯಾಗ ಎರಡು ಚೀಲ ಹಾಕಿ ಕಳಸ್ಯಾರ. ಕೇರಿ ಹಸನ ಮಾಡಿ ಹಾಕೀನಿ" ಅಂದರು.

"ಮರದ ಹೊಟ್ಟನ್ನ ಕಲಬುರಗಿಯಿಂದ ಯಾಕೆ ತರಿಸಿದ್ರಿ ಮೇಡಂ?"

"ಮರದ್ದು? ಹೊಟ್ಟ ಅಂದ್ರ ತೊಗರಿ ಹೊಟ್ಟಲ್ಲೇನ್ರಿ? ದನಕ್ಕ ಹಾಕತಾರಲ್ಲ, ಅದು."

ನಾನು ನಕ್ಕಿದ್ದು ಹೊರಗೆ ಕೂತವರಿಗೂ ಕೇಳಿಸಿತು. "ಅಯ್ಯೋ ಮೇಡಂ, ಹಾಸಿಗೆ ಹಾಕಿ ಅಂದ್ರೆ ಊಟ ಬಡಿಸಿದ್ದೀರಲ್ಲ" ಅಂತ ಎಲ್ಲರೆದುರು ಛೇಡಿಸಿದೆ. ಅವರೂ ನಕ್ಕರು. "ಹೌದ್ರಿ, ಅರ್ಧ ತಿಂತದ, ಅರ್ಧದ ಮ್ಯಾಲ ಮಲಗತದ" ಅಂದರು. ಆ ನಗು ನೆನೆಸಿಕೊಂಡರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಸೀನುವುದು ಶುರುವಾಗಿದ್ದು ಬಿಳಿಯನಿಂದ. ಮೊದಲು ದಿನಕ್ಕೆ ನಾಲ್ಕೈದು, ಆಮೇಲೆ ಲೆಕ್ಕವಿಲ್ಲ. ಮೂಗು ಒರೆಸಿ ಒರೆಸಿ ಮುಂಗಾಲಿನ ಕೂದಲು ಅಂಟುಗಟ್ಟಿತು. ಹಿಂಗಾಲಿನ ಹಿಮ್ಮಡಿ ಬೋಳಾಗಿ ಕೆಂಪಾಯಿತು. ಒಂದಾದ ಮೇಲೊಂದು ಬೇರೆ ಮನೆಯ ಮೊಲಗಳೂ ಹಾಗೇ ಬಂದವು. ಡಾಕ್ಟರು ಔಷಧಿ ಕೊಟ್ಟರು, ಒಂದು ವಾರ ಇಳಿಯುತ್ತಿತ್ತು, ಮನೆಗೆ ಹೋದರೆ ಮತ್ತೆ ಅದೇ. ಬಿಳಿಯನ ಎದೆಗೆ ಕೊಳವೆ ಇಟ್ಟು ನೋಡಿ, "ಉಸಿರು ಕೆಟ್ಟಿದೆ ಕಣಮ್ಮ. ಆಸೆ ಇಟ್ಕೋಬೇಡ" ಅಂದರು.

ನಾನೇನು ಮಾಡಿದೆ ಗೊತ್ತೆ? ಪಾಪ, ಮೆತ್ತಗಿರಲಿ ಅಂತ ಇನ್ನೊಂದು ಮೂಟೆ ತಂದು ದಿನಾ ಹೊಸ ಹೊಟ್ಟು ಸುರಿದೆ. ಅವನು ಸೀನಿದಷ್ಟೂ ಜಾಸ್ತಿ ಸುರಿದೆ.

ಆ ವಾರವೇ ಶಿವಲೀಲಾ ಮೇಡಂ ಉಗುರು ಕತ್ತರಿಸಲು ಅವರ ಮೊಲ ತಂದರು. ಕುಂಬಳಕಾಯಿ ಹಾಗೆ ಉರುಟಾಗಿತ್ತು. ಮೂಗು ಒಣಗಿತ್ತು, ಹಿಮ್ಮಡಿಯ ಕೂದಲು ಹಾಗೇ ಇತ್ತು.

"ಸೀನುತ್ತಾ ಮೇಡಂ?"

"ಇಲ್ಲಲ್ಲರಿ. ಒಂದು ದಿನಾನೂ ಇಲ್ಲ."

ಅವರು ಹೋದ ಮೇಲೆ ಹಿಂದಿನ ಕೋಣೆಯಲ್ಲಿ ಕೂತು ಬೆರಳು ಮಡಿಸಿದೆ. ಸೀನುತ್ತಿದ್ದದ್ದು ನನ್ನ ಚೀಲ ಹೋದ ಮನೆಗಳ ಮೊಲ. ಸೀನದೇ ಇದ್ದದ್ದು ನಾನು ನಕ್ಕು ಅವಮಾನ ಮಾಡಿದ ಮನೆಯ ಮೊಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವಳು ನಾನು, ಆದರೂ ಬೆರಳು ಸುಳ್ಳು ಹೇಳಲಿಲ್ಲ. ಆಗ ಜೀವನದಲ್ಲಿ ಮೊದಲನೇ ಸಲ ಬೋನಿನ ತಳಕ್ಕೆ ಕೆನ್ನೆ ಇಟ್ಟೆ. ಮೇಲಿಂದ ಘಮಘಮ ಅಂತಿದ್ದದ್ದು ಅಲ್ಲಿ ಗಂಟಲಿಗೆ ಹತ್ತಿತು. ಪುಡಿ ಮೂಗಿಗೇ ಏರಿತು. ಅದರಡಿ ಉಚ್ಚೆಯ ಖಾರ. ನಲವತ್ತು ಎಣಿಸುವಷ್ಟರಲ್ಲಿ ಕಣ್ಣು ಸುರಿಯಿತು. ಬಿಳಿಯ ಇದರಲ್ಲಿ ಹಗಲೂ ರಾತ್ರಿ ಕೂತಿದ್ದ. ಅಲ್ಲೇ ಕೂತು ಅತ್ತೆ.

ಸಂಜೆ ರಾಜನ ಹತ್ತಿರ ಹೋದೆ. "ಅದ್ಯಾವ ಮರ ಕಣೋ?"

"ಪೈನು. ಹೊರದೇಶಕ್ಕೆ ಹೋಗೋ ಪೆಟ್ಟಿಗೆ, ಹುಳ ಬೀಳ್ಬಾರ್ದು ಅಂತ ಔಷಧಿ ಹೊಡೆದಿರ್ತಾರೆ. ಯಾಕಕ್ಕ?"

"ಮೊಲಕ್ಕೆ ಹಾಕ್ತಿದ್ದೆ."

ಅವನ ಮುಖ ಬಾಡಿತು. "ಮೊಲಕ್ಕೆ ಅಂತ ನೀನ್ಯಾವತ್ತು ಹೇಳ್ದೆ? ಹೊಟ್ಟು ಬೇಕು ಅಂದೆ. ಒಲೆಗೆ ಅಂದ್ಕೊಂಡೆ."

ನಿಜ, ನಾನು ಹೇಳಿರಲಿಲ್ಲ. ನನಗೆ ಹೊಟ್ಟು ಅಂದರೆ ಹಾಸಿಗೆ, ತಮ್ಮನಿಗೆ ಸೌದೆ, ಮೇಡಮ್ಮಿಗೆ ಮೇವು. ಮೂವರಲ್ಲಿ ಮೊಲಕ್ಕೆ ಬೇಕಾದದ್ದು ಕೊಟ್ಟವರು ಪದ ತಪ್ಪು ತಿಳಿದವರೇ.

ಬಿಳಿಯನ ಬೋನನ್ನು ತೊಳೆದು ಒಣಗಿಸಿದೆ. ನಾಲ್ಕು ಪದರ ಹಳೇ ಪೇಪರ್, ಮೇಲೆ ದಪ್ಪಗೆ ಒಣಹುಲ್ಲು. ಅವನು ಯಾವಾಗಲೂ ಉಚ್ಚೆ ಹೊಯ್ಯುವ ಮೂಲೆಯಲ್ಲಿ ಒಂದು ಅಗಲದ ಪ್ಲಾಸ್ಟಿಕ್ ಟಬ್ಬು, ಅದರಲ್ಲೂ ಪೇಪರ್ ಮತ್ತು ಹುಲ್ಲು. ಮೊಲ ತಿನ್ನುತ್ತಾ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ, ಹುಲ್ಲು ಅಲ್ಲಿಟ್ಟರೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಔಷಧಿ ಅದೇ ನಡೆಯಿತು. ಈ ಸಲ ಇಳಿದ ಸೀನು ಮತ್ತೆ ಏರಲಿಲ್ಲ. ಮೂರನೇ ವಾರ ನನ್ನ ಚಪ್ಪಲಿ ಸದ್ದಿಗೆ ಎದ್ದು ನಿಂತ.

ಆದರೆ ಆ ಮೂರು ವಾರ ನಾನು ಸುಮ್ಮನೆ ಕಾಯಲಿಲ್ಲ. ತಮ್ಮನ ಹತ್ತಿರ ಹೋಗಿ ಬಂದ ಮಾರನೇ ದಿನವೇ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊಟ್ಟು ಕೊಡೋದು ನಿಲ್ಲಿಸು. ಆದ್ರೆ ಮನೆಮನೆಗೆ ಹೋಗಿ ಹೇಳ್ಬೇಡ. ಇಲ್ಲಿಗೆ ಯಾರ್ ಬರ್ತಾರೆ ಆಮೇಲೆ?"

"ಹೇಳದಿದ್ರೆ ಅವು ಅದರ ಮೇಲೇ ಮಲಗಿರ್ತವೆ ಸಾರ್."

"ಫೋನ್ ಮಾಡಿ ಹುಲ್ಲು ಹಾಕಿ ಅನ್ನು, ಸಾಕು."

"ಯಾಕೆ ಅಂತ ಹೇಳದೆ ಹುಲ್ಲು ಹಾಕಿ ಅಂದ್ರೆ ಹೊಟ್ಟಿನ ಮೇಲೇ ಹಾಕ್ತಾರೆ. ನನ್ನ ಕೈಯಿಂದ ಹೋಗಿರೋ ಚೀಲ, ನಾನೇ ವಾಪಸ್ ತರ್ತೀನಿ. ಬೇಕಾದ್ರೆ ಕೆಲಸದಿಂದ ತೆಗೀರಿ."

ತೆಗೆಯಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಡ್ಯೂಟಿ ಮುಗಿದ ಮೇಲೆ, ಭಾನುವಾರದ ಅರ್ಧ ದಿನದ ರಜೆಯಲ್ಲಿ, ನಾನು ಹೊರಟೆ. ಮೊದಲನೇ ಮನೆಯ ಹೆಂಗಸು ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡರು, ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಚೀಲ ಹೊರಗಿಟ್ಟರು. ಎರಡನೇ ಮನೆಯ ಯಜಮಾನರು "ನೀನೇನ್ ಡಾಕ್ಟರಾ? ಕಸ ಗುಡಿಸೋಳು ಔಷಧಿ ಹೇಳಿದ್ರೆ ಹಿಂಗೇ" ಅಂದರು. ತಲೆ ತಗ್ಗಿಸಿ ಕೇಳಿಸಿಕೊಂಡು ಚೀಲ ತಗೊಂಡೆ. ಒಬ್ಬರು ಊರಿನ ಇನ್ನೊಂದು ತುದಿಯ ಬೆಳ್ಳಂದೂರಿಗೆ ಮನೆ ಬದಲಾಯಿಸಿದ್ದರು. ಮೆಟ್ರೊ ಹತ್ತಿ, ಎರಡು ಬಸ್ಸು ಬದಲಾಯಿಸಿ, ಗೇಟಿನ ಸೆಕ್ಯುರಿಟಿಯವನಿಗೆ "ಮೊಲದ ಹೊಟ್ಟು ವಾಪಸ್ ತಗೊಳಕ್ಕೆ ಬಂದಿದೀನಿ" ಅಂತ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವರು ಚೀಲ ಬಿಚ್ಚಿಯೇ ಇರಲಿಲ್ಲ. ಅಷ್ಟು ದೂರ ಹೋಗಿದ್ದಕ್ಕೆ ನನಗೆ ಬೇಜಾರೇನೂ ಆಗಲಿಲ್ಲ, ಕಾಲಿನ ಭಾರ ಇಳಿಯಿತು.

ಹೀಗೆ ಎರಡು ವಾರದಲ್ಲಿ ಆರು ಮನೆ ಮುಗಿಯಿತು. ಉಳಿದದ್ದು ಮಲ್ಲಪ್ಪನವರದು. ಆ ಆರು ಮನೆಗಿಂತಲೂ ಅದು ನನ್ನ ಮನೆಗೆ ಹತ್ತಿರ. ಬೆಳ್ಳಂದೂರಿಗೆ ಹೋದವಳಿಗೆ ಚಿಕ್ಕಬಾಣಾವರ ದೂರವಾಗಿತ್ತು ಅಂದರೆ ನಂಬುತ್ತೀರಾ? ಅವರು ತಿಂಗಳಿಂದ ಆಸ್ಪತ್ರೆ ಕಡೆ ಬಂದಿರಲಿಲ್ಲ. ಮೊಲ ಚೆನ್ನಾಗಿರಬೇಕು, ಅದಕ್ಕೇ ಬಂದಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಬಾಗಿಲು ತೆರೆದದ್ದು ದೇವಮ್ಮ. ಮಲ್ಲಪ್ಪ ಒಳಗೆ ಊಟಕ್ಕೆ ಕೂತಿದ್ದವರು ಎದ್ದು ಬಂದರು. ಮೂಲೆಯಲ್ಲಿ ಬೋನು ತೊಳೆದು ಬೋರಲು ಹಾಕಿತ್ತು. ಅದರ ಪಕ್ಕ ನನ್ನ ಚೀಲ, ಬಾಯಿ ಕಟ್ಟಿ ಇಟ್ಟಿದ್ದರು.

"ಛಲೋ ಆತು ಬಂದ್ರಿ ಅಕ್ಕಾರ" ಅಂದರು ಮಲ್ಲಪ್ಪ. "ಸಕ್ರಿ ಹೋತ್ರಿ. ನಾಕ ದಿನ ಆತು. ದವಾಖಾನಿಗೆ ತರಬೇಕಂದ್ರ ರಜಾ ಸಿಗಲಿಲ್ಲ. ಉಳದಿದ್ದ ಹೊಟ್ಟ ಹಸನ ಮಾಡಿ ಕಟ್ಟಿಟ್ಟಾಳ ಈಕಿ, ನಿಮಗ ಮುಟ್ಟಿಸಬೇಕಂತ. ಬ್ಯಾರೆ ಯಾವದಾರ ಮೊಲಕ್ಕ ಆಗ್ತದ."

ಬಾಗಿಲಲ್ಲೇ ಕೂತುಬಿಟ್ಟೆ. ಕೂತೇ ಹೇಳಿದೆ. ಮರ ಯಾವುದು, ಔಷಧಿ ಯಾವುದು, ನಾನು ಕೇಳದೆ ತಂದದ್ದು, ಕೊಟ್ಟದ್ದು. ಹೇಳುವಾಗ ಒಂದು ರೈಲು ಹೋಯಿತು, ಅದು ಪೂರ್ತಿ ಹೋಗುವ ತನಕ ನಿಲ್ಲಿಸಿ ಮತ್ತೆ ಹೇಳಿದೆ. ಮಾತಾಡಿದ್ದು ದೇವಮ್ಮ.

"ಉಳದ ಮಂದಿಗೆ ಹೇಳೀರೇನು?"

"ಎಲ್ಲರಿಗೂ ಹೇಳಿ ಬಂದೆ ತಾಯಿ. ನೀವೇ ಕಡೆ."

"ನಾವ್ಯಾಕ ಕಡೀಗೆ?"

ಸುಳ್ಳು ಹೇಳಬಹುದಿತ್ತು. ರಜೆ ಇರಲಿಲ್ಲ, ದಾರಿ ಗೊತ್ತಿರಲಿಲ್ಲ, ಎಷ್ಟೋ ಇದ್ದವು. "ಹೆದರಿಕೆ ಆಯ್ತು" ಅಂದೆ. "ನಿಮ್ಮ ಮುಖ ನೋಡಕ್ಕೆ ಹೆದರಿದೆ."

"ಮದ್ಲ ಬಂದಿದ್ರ ಸಕ್ರಿ ಉಳೀತಿತ್ತು" ಅಂದಳು ದೇವಮ್ಮ. ಕೂಗಲಿಲ್ಲ, ಬೈಯಲಿಲ್ಲ. ಚೀಲ ಎತ್ತಿ ನನ್ನ ಮಡಿಲಿಗಿಟ್ಟು ಒಳಗೆ ಹೋದಳು.

ಹುಡುಗಿಯರೇ, ನಿಂತಲ್ಲೇ ಹೇಳಲು ನನ್ನಿಂದ ಆಗದೇ ಹೋದದ್ದು ಇದು. ಈ ಕೆಲಸದಲ್ಲಿ ತಪ್ಪು ಮಾಡೇ ಮಾಡುತ್ತೀರಿ. ಮಾಡಿದ ದಿನ ಯಾವ ಮನೆಗೆ ಹೋಗಲು ನಿಮ್ಮ ಕಾಲು ಏಳುವುದಿಲ್ಲವೋ ಆ ಮನೆಗೆ ಮೊದಲು ಹೋಗಿ. ಬೆಳ್ಳಂದೂರು ಆಮೇಲೆ.

ಇಷ್ಟಾದ ಮೇಲೆ ಡಾಕ್ಟರು ಕೇಸ್ ಪೇಪರಿನಲ್ಲಿ ಹೊಸ ಸಾಲೊಂದು ಅಚ್ಚು ಹಾಕಿಸಿದರು. ಜ್ವರ, ಊಟ ಎಲ್ಲಕ್ಕಿಂತ ಮೇಲೆ: ಕೆಳಗೆ ಏನು ಹಾಸಿದ್ದೀರಿ? ಅದನ್ನು ತೋರಿಸಿ, "ಕಸದಲ್ಲೇ ಕಾಯಿಲೆ ಇತ್ತಲ್ಲಮ್ಮ, ನಾನು ನೋಡ್ಲಿಲ್ಲ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ. ಬಿಳಿಯ ಇನ್ನೂ ನಾಲ್ಕು ವರ್ಷ ಬದುಕಿದ.

ಆ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಮಲ್ಲಪ್ಪ ಆಸ್ಪತ್ರೆಗೆ ಬಂದರು. ಕೈಯಲ್ಲಿ ಬುತ್ತಿ ಚೀಲ, ಅದರೊಳಗಿಂದ ಎರಡು ಬೂದು ಕಿವಿ. ಹಿಂದೆ ದೇವಮ್ಮ. ನಾನು ಎದ್ದು ನಿಂತೆ. ಅವಳು ಮೇಜಿನ ಹತ್ತಿರ ಬಂದು ನನ್ನ ಮುಖ ನೋಡಿದಳು.

"ಕೆಳಗ ಏನ ಹಾಸಬೇಕು, ಹೇಳ್ರಿ. ಹೊಟ್ಟ ಅನಬ್ಯಾಡ್ರಿ. ಹೆಸರ ಹಿಡದ ಹೇಳ್ರಿ."

ಹೆಸರು ಹಿಡಿದು ಹೇಳಿದೆ. ತಳಕ್ಕೆ ಹಳೇ ನ್ಯೂಸ್‌ಪೇಪರ್, ನುಣ್ಣನೆಯ ಬಣ್ಣದ ಹಾಳೆ ಬೇಡ. ಮೇಲೆ ಒಣಹುಲ್ಲು, ಬೂಷ್ಟಿನ ವಾಸನೆ ಇರಬಾರದು, ಕೊಡವಿದರೆ ಧೂಳು ಏಳಬಾರದು. ತೊಗರಿ ಹೊಟ್ಟು ಊರಿಂದ ಬಂದರೆ ಕೇರಿ ಹಾಕಬಹುದು. ಮರದ್ದು ಬೇಡ, ಘಮ ಅನ್ನುವ ಯಾವುದೂ ಬೇಡ. ಬಾಯಿಗೆ ಹೋದರೆ ಕೆಡುಕಾಗುವಂಥದ್ದು ಕಾಲ ಕೆಳಗೂ ಬೇಡ. ಒದ್ದೆಯಾದದ್ದು ದಿನಾ ತೆಗೆಯಬೇಕು, ಬಿಸಿನೀರು, ಬಿಸಿಲು. ಆಮೇಲೆ ಬಗ್ಗಿ ನೂರು ಎಣಿಸಬೇಕು.

"ತೋರಸ್ರಿ" ಅಂದಳು.

ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಬಿಳಿಯನ ಬೋನಿನ ಮುಂದೆ ಬಗ್ಗಲು ಹೊರಟ ನನ್ನನ್ನು ದೇವಮ್ಮ ಕೈ ಅಡ್ಡ ಹಿಡಿದು ತಡೆದಳು. ತಾನೇ ಸೆರಗು ಸಿಕ್ಕಿಸಿ, ಮಂಡಿಯೂರಿ, ಕೆನ್ನೆ ತಳಕ್ಕಿಟ್ಟು, ಗಟ್ಟಿಯಾಗಿ ಎಣಿಸಲು ಶುರುಮಾಡಿದಳು. ನಾನು, ಮಲ್ಲಪ್ಪ, ಬಾಗಿಲಿಗೆ ಬಂದ ಡಾಕ್ಟರು, ಮೂವರೂ ಅವಳು ನೂರು ಮುಟ್ಟುವ ತನಕ ಅಲ್ಲೇ ನಿಂತಿದ್ದೆವು.